ನೀಲಿ ಮದ್ದಿನ ಮುಂದೆ ಬಣ್ಣದ ಮಾಮ

ಬಟ್ಟೆಗೆ ಬಣ್ಣ ಹಾಕುವುದು ಅವನ ಕಸುಬು. ಹಾಗಾಗಿ ಬೀದಿಗೆಲ್ಲ ಅವನು ಬಣ್ಣದ ಮಾಮ. ಉಪ್ಪು, ನೈಟ್ರೈಟ್ ಎರಡೂ ಬಣ್ಣದ ಕೆಲಸಕ್ಕೆ ಬೇಕು, ಎರಡೂ ಬೆಳ್ಳಗೆ, ಎರಡೂ ಒಂದೇ ತರಹದ ಡಬ್ಬಿಯಲ್ಲಿ. ಒಂದು ಬಾಯಿಗೆ ರುಚಿ, ಇನ್ನೊಂದು ವಿಷ. ಚೀಟಿ ಅಂಟಿಸಯ್ಯಾ ಎಂದರೆ, "ನನ್ನ ಕೈಗೆ ಗೊತ್ತಾಗುತ್ತೆ ಬಿಡು" ಅನ್ನುತ್ತಿದ್ದ. ಜಂಬ, ಬರೀ ಜಂಬ. ಪಕ್ಕದಲ್ಲಿ ಛತ್ರಿ ರಿಪೇರಿ ಮಾಡುವ ನಾನು ಹೇಳಿ ಹೇಳಿ ಬಾಯಿ ನೋಯಿಸಿಕೊಂಡದ್ದೇ ಬಂತು.

ಅವನ ಮಗನಿಗೆ ಹೆಣ್ಣು ಗೊತ್ತಾಗಿತ್ತು. ಹುಡುಗಿಯ ತಂದೆ ಅಂಗಡಿ ನೋಡಲು ಬಂದಾಗ ಹುಡುಗ ನಿಂಬೆಹಣ್ಣು ಹಿಂಡಿ, ಉಪ್ಪೆಂದುಕೊಂಡು ಕೈಗೆ ಸಿಕ್ಕ ಡಬ್ಬಿಯಿಂದ ಒಂದು ಚಮಚ ಹಾಕಿ, ಸರಿಯಾಗಿದೆಯೇ ಎಂದು ಮೊದಲು ತಾನೇ ಅರ್ಧ ಲೋಟ ಕುಡಿದ. ನೋಡನೋಡುತ್ತ ತುಟಿ ನೀಲಿಗಟ್ಟಿತು, ಉಸಿರು ಸಿಕ್ಕಿಕೊಂಡಿತು. ನನ್ನ ಗಾಡಿಯಲ್ಲೇ ಆಸ್ಪತ್ರೆಗೆ ಹೊತ್ತೊಯ್ದೆವು. ಹುಡುಗನ ತಲೆ ಬೀಗರ ತೊಡೆಯ ಮೇಲಿತ್ತು.

ಕುಡಿದದ್ದೇನೆಂದು ಕೇಳಿ ಡಾಕ್ಟರಮ್ಮ ನೀಲಿ ಮದ್ದನ್ನು ಸಿರಿಂಜಿಗೆ ಎಳೆದುಕೊಂಡರು. "ಈ ವಿಷಕ್ಕೆ ಇದೇ ಮದ್ದು. ಆದ್ರೆ ಕೆಲವರಿಗೆ ಹುಟ್ಟಿನಿಂದ್ಲೇ ರಕ್ತದಲ್ಲಿ ಒಂದು ಕೊರತೆ ಇರುತ್ತೆ. ಅಂಥವರಿಗೆ ಕೊಟ್ರೆ ರಕ್ತಕಣಗಳೇ ಒಡೆದುಹೋಗ್ತವೆ. ಇವನಿಗೆ ಹಾಗೇನಾದ್ರೂ ಇದೆಯಾ?"

ಮಾಮ ಬೀಗರ ಮುಖ ನೋಡಿದ. "ಇಲ್ಲ ಡಾಕ್ಟ್ರೇ" ಎಂದ.

ಡಾಕ್ಟರಮ್ಮ ತೋಳು ಒರೆಸಿದರು. ಸೂಜಿ ಚರ್ಮಕ್ಕೆ ತಾಗುವಷ್ಟರಲ್ಲಿ ಮಾಮ ಅವರ ಕೈ ಹಿಡಿದುಬಿಟ್ಟ. "ಬೇಡಮ್ಮ. ಇದೆ. ಚಿಕ್ಕವನಿದ್ದಾಗ ಒಂದು ಜ್ವರದ ಮಾತ್ರೆ ನುಂಗಿ ಉಚ್ಚೆ ಕೆಂಪಗಾಗಿತ್ತು. ಆಗ್ಲೇ ಹೇಳಿದ್ರು. ಹುಡುಗಿ ಮನೆಯವ್ರಿಗೆ ಗೊತ್ತಾದ್ರೆ..." ತಲೆ ತಗ್ಗಿಸಿ ನಿಂತ. ಅವನ ಪರವಾಗಿ ನನಗೂ ನಾಚಿಕೆಯಾಯಿತು.

ಡಾಕ್ಟರಮ್ಮ ಸಿರಿಂಜು ಪಕ್ಕಕ್ಕಿಟ್ಟರು. ಆಮ್ಲಜನಕ ಜಾಸ್ತಿ ಮಾಡಿಸಿ, ಸಿ ಜೀವಸತ್ವವನ್ನು ನರಕ್ಕೆ ಏರಿಸಿ, "ರಕ್ತವನ್ನೇ ಬದಲಾಯಿಸಬೇಕು" ಎಂದರು. ಬೀಗರು ಅಂಗಿಯ ತೋಳು ಮಡಿಸಿ ರಕ್ತ ಕೊಡಲು ಹೊರಟರು. ಅವರು ಬೈದಿದ್ದರೆ ಮಾಮ ಹೇಗೋ ತಡೆದುಕೊಳ್ಳುತ್ತಿದ್ದ.

ಮರುದಿನ ತುಟಿಗೆ ಬಣ್ಣ ಬಂತು. ಮಾಮ ಹಾಸಿಗೆಯ ಅಂಚಿನಲ್ಲಿ ಕೂತು ಮಗನ ಕೈ ಹಿಡಿದ. "ಬೀಗರು ದೊಡ್ಡ ಮನಸ್ಸು ಮಾಡಿದಾರೆ ಕಣೋ. ಮದುವೆ ನಿಲ್ಲಲ್ಲ."

ಹುಡುಗ ಕೈ ಬಿಡಿಸಿಕೊಳ್ಳಲಿಲ್ಲ. "ಕಣ್ಣು ಮುಚ್ಚಿದ್ರೂ ಕಿವಿಗೆ ಕೇಳಿಸ್ತಿತ್ತಪ್ಪಾ" ಎಂದ. "ಮೊದಲು ನೀನು ಇಲ್ಲ ಅಂದೆ."