ಹುಳ ಹಣ್ಣಾದ ವಾರ ಕಲಿತ ಫ್ರೇಮ್‌ವರ್ಕ್

ಮದುವೆಯಾಗಿ ಅಕ್ಕೂರಿಗೆ ಬಂದ ಮೇಲೆ ನನ್ನ ಬಿಸಿಎ ಸರ್ಟಿಫಿಕೇಟು ಬೀರುವಿನಲ್ಲಿ ಸೀರೆಗಳ ಅಡಿಗೆ ಸೇರಿತ್ತು. ಗಂಡನಿಗೆ ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ, ಅತ್ತೆಗೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳ. ಆ ಕಾಲಕ್ಕೆ ಬಿಡದಿಯಲ್ಲಿ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿತ್ತು. ಅವುಗಳಿಗೆ ನಟ್ಟು ಬೋಲ್ಟು ಒದಗಿಸುವವರಿಗೂ ತಮ್ಮದೊಂದು ವೆಬ್‌ಸೈಟ್ ಇರಲಿ ಅನ್ನಿಸತೊಡಗಿತ್ತು. ಅಂಥ ಸೈಟು ಮಾಡಿಕೊಡುವ ಪುಟ್ಟ ಆಫೀಸೊಂದು ರಾಮನಗರದಲ್ಲಿ ತೆರೆಯಿತೆಂದು ಕೇಳಿ ಕೆಲಸ ಕೇಳಲು ಹೋದೆ. ಅಲ್ಲಿನ ಯಜಮಾನರು ನನ್ನ ಕೈಗೊಂದು ಸಿ.ಡಿ. ಕೊಟ್ಟರು. "ಇದರಲ್ಲಿ ಫ್ರೇಮ್‌ವರ್ಕ್ ಇದೆ. ಇದನ್ನು ಬಳಸಿ ಕಲ್ಯಾಣ ಮಂಟಪ ಬುಕ್ ಮಾಡುವ ಸೈಟ್ ಮಾಡಿ, ಸೋಮವಾರ ತನ್ನಿ. ಸರಿಯಾಗಿ ನಡೆದರೆ ಅವತ್ತೇ ಕೆಲಸಕ್ಕೆ ಸೇರಿಕೊಳ್ಳಿ" ಅಂದರು.

ಗೊತ್ತಿರುವವಳ ಹಾಗೆ ಹೂಂಗುಟ್ಟಿ ಬಂದೆ. ಈ ಕೆಲಸ ತಪ್ಪಿದರೆ ಓದಿದ್ದೆಲ್ಲ ಅಲ್ಲಿಗೇ ಮುಗಿದ ಹಾಗೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಸ್ಸಿನಲ್ಲಿ ಆ ಸಿ.ಡಿ.ಯನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದೆ. ಮನೆಗೆ ಬಂದು, ತವರಿನಿಂದ ತಂದಿದ್ದ ಹಳೆ ಕಂಪ್ಯೂಟರಿಗೆ ಅದನ್ನು ಹಾಕಿ, ಜೊತೆಗಿದ್ದ ಕೈಪಿಡಿ ಓದಿದೆ.

ಎಲ್ಲ ಸೈಟುಗಳಿಗೂ ಬೇಕಾಗುವ ಕೆಲಸವನ್ನು ಯಾರೋ ಮೊದಲೇ ಬರೆದಿಟ್ಟಿರುತ್ತಾರೆ, ನಮ್ಮ ಸೈಟಿಗೆ ಬೇಕಾದಷ್ಟನ್ನು ಮಾತ್ರ ನಾವು ಬರೆದು ಸೇರಿಸಬೇಕು. ಫ್ರೇಮ್‌ವರ್ಕ್ ಅಂದರೆ ಇಷ್ಟೇ. ಅತ್ತೆ ಅದೇನೆಂದು ಕೇಳಿದಾಗ, "ನಾವು ಚಾಕಿ ಹುಳ ತರಲ್ವಾ ಅತ್ತೆ, ಹಂಗೆ" ಅಂದೆ. ಮೊಟ್ಟೆ ಒಡೆಸಿ, ಎಳೆ ಹುಳಗಳನ್ನು ಎರಡು ಜ್ವರ, ಅಂದರೆ ಎರಡು ಸಲ ಪೊರೆ ಬಿಡುವ ಹೊತ್ತು, ದಾಟಿಸಿ ಕೊಡುವವರು ಬೇರೆ ಇರುತ್ತಾರೆ, ನಾವು ತಂದು ಸೊಪ್ಪು ಹಾಕಿ ಬೆಳೆಸುತ್ತೇವೆ.

"ಹಂಗಾದ್ರೆ ಕಷ್ಟದ್ದು ಆಗೋಗೈತಲ್ಲ. ಇನ್ಯಾಕೆ ಮಕ ಊದುಸ್ಕೊಂಡಿದ್ದೀಯ?" ಅಂದರು ಅತ್ತೆ.

ಊದಿಸಿಕೊಳ್ಳದೆ ಇನ್ನೇನು. ಕಾಲೇಜಿನಲ್ಲಿ ನಾನು ಎಲ್ಲವನ್ನೂ ಒಂದೇ ಫೈಲಿನಲ್ಲಿ ತುರುಕಿ ಬರೆದವಳು. ಈ ಫ್ರೇಮ್‌ವರ್ಕೋ, ಮಾಹಿತಿ ತರುವುದಕ್ಕೆ ಒಂದು ಫೋಲ್ಡರ್, ಪುಟದ ಅಂದಚಂದಕ್ಕೆ ಒಂದು, ಅವೆರಡರ ನಡುವೆ ಓಡಾಡುವುದಕ್ಕೆ ಇನ್ನೊಂದು ಅನ್ನುತ್ತಿತ್ತು. ನನ್ನ ಮನೆಯಲ್ಲಿ ನನಗೇ ಕಾನೂನು ಹೇಳುತ್ತದಲ್ಲ ಎಂದು ರೇಗಿಹೋಯಿತು. ಅದು ಹೇಳಿದ್ದನ್ನು ಬಿಟ್ಟು ಫ್ರೇಮ್‌ವರ್ಕಿನ ಒಳಗಿನ ಫೈಲುಗಳಿಗೇ ಕೈ ಹಾಕಿ, ಅಲ್ಲಿಷ್ಟು ಇಲ್ಲಿಷ್ಟು ತಿದ್ದಿದೆ. ಪರದೆ ಬೆಳ್ಳಗಾಗಿ ಕೂತುಬಿಟ್ಟಿತು. ತಪ್ಪೇನೆಂದೂ ಹೇಳದು, ಪುಟವನ್ನೂ ತೋರಿಸದು. ನಾನು ಬೈಯತೊಡಗಿದೆ. ಶಿಫ್ಟಿಗೆ ಹೊರಟಿದ್ದ ಗಂಡ ಬಾಗಿಲಲ್ಲಿ ನಿಂತು, "ಅದ್ಕೆ ಕಿವಿ ಇಲ್ಲ ಕಣಮ್ಮಿ, ನಂಗೈತೆ. ಒಸಿ ಮೆತ್ತಗೆ ಬಯ್ಯಿ" ಅಂದು ನಗುತ್ತಾ ಹೋದ. ಆ ನಗುವಿಗೇ ನನ್ನ ಸಿಟ್ಟು ಅರ್ಧ ಇಳಿಯಿತು. ಎಲ್ಲವನ್ನೂ ಅಳಿಸಿ, ಸಿ.ಡಿ. ಹಾಕಿ ಮೊದಲಿನಿಂದ ಶುರುಮಾಡಿದೆ.

ಶನಿವಾರ ಬೆಳಗ್ಗೆ ಮೊದಲ ಪುಟವೇನೋ ಬಂತು. ಅದೇ ಹೊತ್ತಿಗೆ ಹುಳವೂ ಹಣ್ಣಾಗಿ ಗೂಡು ಕಟ್ಟಲು ತಯಾರಾಯಿತು. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ. ಕೂಡಲೇ ಆಯ್ದು, ಗೂಡು ಕಟ್ಟಲೆಂದೇ ಇರುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನಲ್ಲೇ ಗೂಡು ಕಟ್ಟಿ ಹಾಳಾಗುತ್ತದೆ. ಅವತ್ತು ಮನೆಯಲ್ಲಿ ಕೈ ಇರುವವರೆಲ್ಲ ಆಯಲೇಬೇಕು. ನಾನು ಕಂಪ್ಯೂಟರ್ ಆರಿಸಿ ಎದ್ದೆ. ಎದ್ದದ್ದೇ ಅಳು ಬಂತು.

ಅತ್ತೆ ನನ್ನ ಮುಖ ನೋಡಿ, ಬೀದಿ ದಾಟಿ ಎದುರುಮನೆಗೆ ಹೋದರು. ಆ ಮನೆಯ ಸೊಸೆ, ನಾನು ಅಕ್ಕ ಎಂದು ಕರೆಯುತ್ತಿದ್ದವಳು, ಸೆರಗು ಸಿಕ್ಕಿಸಿಕೊಂಡು ಅವರ ಹಿಂದೆಯೇ ಬಂದಳು. "ನಿನ್ನ ಬದ್ಲು ಮುಯ್ಯಾಳಾಗಿ ನಾನ್ ಬಂದಿವ್ನಿ. ನೀನ್ ಹೋಗಿ ಕೂತ್ಕೊ" ಅಂದಳು. ಮುಯ್ಯಾಳು ಅಂದರೆ ನಮ್ಮ ಕಡೆ ಕೂಲಿಯ ಮಾತಿಲ್ಲ. ಇವತ್ತು ಅವರು ನಮ್ಮ ಕೆಲಸಕ್ಕೆ ಬಂದರೆ ನಾಳೆ ನಾವು ಅವರ ಕೆಲಸಕ್ಕೆ ಹೋಗಬೇಕು, ಅಷ್ಟೇ.

ಎರಡು ದಿನವೂ ಅವಳು ಬಂದಳು. ನಾನು ಗೋಡೆಯ ಈಚೆ ಕೂತು ಮಂಟಪದ ಹೆಸರು ಸೇರಿಸುವುದು, ತಿದ್ದುವುದು, ದಿನ ಗೊತ್ತುಮಾಡುವುದು ಎಲ್ಲವನ್ನೂ ಫ್ರೇಮ್‌ವರ್ಕ್ ಹೇಳಿದ ಹಾಗೆ, ಹೇಳಿದ ಜಾಗದಲ್ಲೇ ಬರೆದೆ. ಸೋಮವಾರ ರಾಮನಗರದಲ್ಲಿ ಸೈಟು ನಡೆಯಿತು. ಯಜಮಾನರು ಒಂದು ಕುರ್ಚಿ ತೋರಿಸಿ, ಅದು ನಿಮ್ಮದು ಅಂದರು. ಅತ್ತೆ ಬೀದಿಗೆಲ್ಲ ಸಕ್ಕರೆ ಹಂಚಿದರು.

ಎದುರುಮನೆಯ ಹುಳ ಹಣ್ಣಾದ ದಿನ ನಾನು ರಜ ಹಾಕಿ, ಹಳೆ ಸೀರೆ ಉಟ್ಟು ಮುಯ್ಯಿ ತೀರಿಸಲು ಹೋದೆ. ಅಕ್ಕ ನನ್ನನ್ನು ಬಾಗಿಲಲ್ಲೇ ತಡೆದಳು.

"ಹುಳಕ್ಕೆ ನಿಮ್ಮತ್ತೆ ಬಂದವ್ರೆ. ನಿನ್ನಿಂದ ನಂಗೆ ಬೇರೆ ಮುಯ್ಯಿ ಬೇಕು."

"ಏನಕ್ಕ?"

"ಆ ಕಂಪ್ಯೂಟರ್ ಕೆಲ್ಸವ ನಂಗೂ ಹೇಳ್ಕೊಡು. ಪಿಯುಸಿಲಿ ಫಸ್ಟ್ ಕ್ಲಾಸು ನಂದು. ಮುಂದ್ಕೆ ಓದ್ಸದೆ ಮದ್ವೆ ಮಾಡ್ಬುಟ್ರು." ಅವಳು ಬೀದಿಯ ಕಡೆ ನೋಡುತ್ತಾ ಮೆಲ್ಲಗೆ ಹೇಳಿದಳು. "ನಿಮ್ಮನೇಲಿ ಹುಳ ಆಯುವಾಗ ಸೊಪ್ಪು ತರೋ ನೆಪ ಮಾಡ್ಕಂಡು ನಿನ್ನ ಹಿಂದೆ ಬಂದು ನಿಂತ್ಕತಿದ್ದೆ. ನೀನು ತಿರುಗ್ಲೇ ಇಲ್ಲ."

ನನಗೆ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಹಾಗೆಲ್ಲ ಮಾಡುವ ರೂಢಿ ನಮ್ಮಲ್ಲಿಲ್ಲ. ಕೈ ಹಿಡಿದು ನಮ್ಮ ಮನೆಗೆ ಕರೆದುಕೊಂಡು ಬಂದೆ. ಅವಳು ಅಂಗಳದಲ್ಲಿ ಸೋಪು ಹಾಕಿ ಕೈ ತೊಳೆದಳು, ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು, ಇನ್ನೇನು ಯಾರೋ ಎಬ್ಬಿಸುತ್ತಾರೆ ಅನ್ನುವ ಹಾಗೆ. ನಾನು ಬಾಗಿಲು ಹಾಕಿ ಬಂದು ಪಕ್ಕದಲ್ಲಿ ನಿಂತೆ.

"ಸರ್ಯಾಗಿ ಒರಗಿ ಕೂತ್ಕೊ ಅಕ್ಕ" ಅಂದೆ.