ದರ್ಜಿಯ ಬೆಕ್ಕು

ನಮ್ಮ ಬೀದಿಯ ದರ್ಜಿಗೆ ಬೆಕ್ಕೆಂದರೆ ಪ್ರಾಣ. ಅದು ತೊಡೆಯ ಮೇಲಿದ್ದರೆ ಅಳತೆ ತೆಗೆಯಲೂ ಏಳುವುದಿಲ್ಲ, "ನೀವೇ ಸ್ವಲ್ಪ ಬಗ್ಗಿ" ಎನ್ನುತ್ತಾನೆ. ಹೆಂಡತಿ ನಾಯಿಮರಿ ತಂದಂದಿನಿಂದ ಆ ಮರಿಯನ್ನು ಹಿಂದಿನ ಕೋಣೆಯಲ್ಲಿ ಇಟ್ಟಿದ್ದಾನೆ. ಮೊದಲು ವಾಸನೆ ಒಗ್ಗಬೇಕು, ಆಮೇಲೆ ಮುಖಪರಿಚಯ ಎಂಬುದು ಅವನ ಶಾಸ್ತ್ರ. ಶಾಸ್ತ್ರವೇನೋ ಸರಿಯೇ, ಆದರೆ ತಿಂಗಳು ಕಳೆದರೂ ನಡುವಿನ ಬಾಗಿಲು ತೆರೆದಿಲ್ಲ. "ಇವಳಿಗೆ ಹೊಟ್ಟೆಕಿಚ್ಚು ಜಾಸ್ತಿ, ಅಮ್ಮಾ" ಎಂದು ನನ್ನೆದುರು ಬೆಕ್ಕನ್ನು ದೂರುತ್ತಾನೆ. "ಕಿಚ್ಚು ಯಾರ ಹೊಟ್ಟೇಲಿದೆಯೋ" ಎಂದು ಹೆಂಡತಿ ಗುಂಡಿ ಹೊಲಿಯುತ್ತಲೇ ಗೊಣಗುತ್ತಾಳೆ. ನಿನ್ನೆ ನಾನು ಹೋದಾಗ ಅವನ ತೊಡೆ ಖಾಲಿಯಿತ್ತು. ಬೆಕ್ಕು ಆ ಬಾಗಿಲಿಗೆ ಒರಗಿ, ಕೆಳಗಿನ ಸಂದಿಯಲ್ಲಿ ಪಂಜ ತೂರಿಸಿ ಮರಿಯೊಡನೆ ಆಡುತ್ತಿತ್ತು. ದರ್ಜಿ ಸ್ವಲ್ಪ ಹೊತ್ತು ನೋಡಿ, ಚೂರುಬಟ್ಟೆಗಳನ್ನು ಸುರುಳಿ ಸುತ್ತಿ ತಂದು, ಮೊಣಕಾಲೂರಿ, ಆ ಸಂದಿಯನ್ನು ಅಚ್ಚುಕಟ್ಟಾಗಿ ಮುಚ್ಚಿದ.