ಉಡಿ ತುಂಬಿದ ದಿನದ ವಿಡಿಯೋ

ಆ ವಿಡಿಯೋ ಹಾಕಿದವಳು ನಾನು, ಭಾಗ್ಯಾ. ನಿನ್ನ ಗೆಳತಿ ಆಫ್ರೀನ್ ಅಲ್ಲ — ನಿನ್ನ ಅವ್ವನ ತಂಗಿ, ಈ ಚಿಗವ್ವ.

ನೀನು ದೊಡ್ಡವಳಾದೆ ಎಂದು ಮಾನ್ವಿ ಊರಿನ ನಿಮ್ಮ ಮನೆಯಲ್ಲಿ ಹಸಿರು ಸೀರೆ ಉಡಿಸಿ ಕೂರಿಸಿದ್ದರು. ನಾನು ದೇವದುರ್ಗದಿಂದ ಬಂದಿದ್ದೆ. ಪಡಸಾಲೆಯಲ್ಲಿ ಹೆಂಗಸರಷ್ಟೇ; ನಿನ್ನ ಪಕ್ಕದಲ್ಲಿ ಆಫ್ರೀನ್. ಉಡಿ ತುಂಬುವಾಗ ನಿನಗೆ ನಾಚಿಕೆ, ಅಳು. "ಚಿಗವ್ವಾ, ವಿಡಿಯೋ ಬ್ಯಾಡ," ಅಂದೆ ನೀನು. "ಮದುವಿ ಹೆಣ್ಣಿನಂಗ ಕಾಣಾಕತ್ತಿ, ಸುಮ್ನ ಕುಂದ್ರು," ಎಂದು ನಾನು ಫೋನ್ ಹಿಡಿದೆ. ಹಾಡು ಸೇರಿಸಿ ರೀಲ್ ಮಾಡಿದೆ. ನಾಲ್ಕು ಜನ ಮೆಚ್ಚಲಿ ಎಂಬ ಚಪಲ, ಇನ್ನೇನು?

ಅದು ನಿಮ್ಮ ಶಾಲೆಯ ಹುಡುಗರ ಗ್ರೂಪಿಗೆ ಹೋಯಿತು. ನೀನು ತರಗತಿಗೆ ಕಾಲಿಟ್ಟರೆ ಅದೇ ಹಾಡು ಹಾಡಿದರು. ನೀನು ಶಾಲೆಗೆ ಹೋಗುವುದನ್ನೇ ಬಿಟ್ಟೆ. ಅಷ್ಟರಲ್ಲಿ ನಾನು ರೀಲ್ ಅಳಿಸಿದ್ದೆ. ನನ್ನ ಖಾತೆಗೆ ನನ್ನ ಹೆಸರೂ ಇರಲಿಲ್ಲ. ಯಾರು ಮಾಡಿದರೆಂದು ಮನೆಯಲ್ಲಿ ಕೇಳಿದಾಗ — ಈ ಬಾಯಿಂದಲೇ ಹೇಳಿದೆ — "ಆಫ್ರೀನೂ ಅವತ್ತು ಫೋನ್ ಹಿಡಕೊಂಡು ಕುಂತಿದ್ಲಲ್ಲ."

ಅಷ್ಟೇ ಸಾಕಾಯಿತು. "ಹೊರಗಿನವರನ್ನ ಒಳಗ ಕೂಡಿಸಿದ್ರ ಹಿಂಗ ಆಗ್ತದ," ಅಂದಳು ನಿನ್ನ ಅಜ್ಜಿ. ಆಫ್ರೀನ್ ಬಾಗಿಲಿಗೆ ಬಂದು ನಿಂತಾಗ ಒಳಗೆ ಬಿಡಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಅದನ್ನೂ ಮಾಡಲಿಲ್ಲ. ಹೋಳಿಗೆ ತಿನ್ನುತ್ತ ಕೂತಿದ್ದೆ.

ವರ್ಷಗಳು ಕಳೆದವು. ನೀನೀಗ ರಾಯಚೂರಿನ ಕಾಲೇಜಿನಲ್ಲಿದ್ದೀಯ. ಯಾರಾದರೂ ಫೋನ್ ಎತ್ತಿದರೆ ಇಂದಿಗೂ ವೇಲಿನಿಂದ ಮುಖ ಮುಚ್ಚುತ್ತೀಯ. ಆದರೂ ದಿನವಿಡೀ ಫೋನ್ ನೋಡುತ್ತೀಯ — ನಿನ್ನ ಬಗ್ಗೆ ಯಾರು ಏನು ಹಾಕಿದ್ದಾರೋ ಎಂದು. ಊಟ ಸೇರುವುದಿಲ್ಲ, ನಿದ್ದೆಯಿಲ್ಲ. "ಮೊಬೈಲಿಂದನ ಹುಡುಗಿ ಕೆಟ್ಟಳು," ಎಂದು ಎಲ್ಲರೂ ಬೈಯುವಾಗ ನಾನೂ "ಹೌದ್ರೀ" ಎಂದಿದ್ದೇನೆ. ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಫೋನ್ ತಾನಾಗಿ ಹೋಗಿ ನಿನ್ನ ಮುಂದೆ ನಿಂತಿತ್ತೇ?

ಹೋದ ವಾರ ನಿನ್ನನ್ನು ಮನೋವೈದ್ಯರ ಹತ್ತಿರ ಕರೆದೊಯ್ದವಳೂ ನಾನೇ. ಮನಸ್ಸು ಬಿಚ್ಚಿ ಮಾತಾಡಲು ಯಾರಿದ್ದಾರೆಂದು ಅವರು ಕೇಳಿದರು. ನೀನು ನನ್ನ ಕಡೆ ನೋಡಿದೆ — "ಚಿಗವ್ವ ಒಬ್ಬಾಕಿನ್ನ ನಂಬ್ತೀನ್ರೀ."

ಆಗಲೇ ಹೇಳಬೇಕಿತ್ತು. ಹೊರಗೆ ಬಂದು ನಿನಗೆ ಚಹಾ ಕುಡಿಸಿದೆ.

ಭಾನುವಾರ ಮಾನ್ವಿಗೆ ಹೋಗುತ್ತೇನೆ. ಮೊದಲು ನಿನ್ನ ಅಜ್ಜಿಯ ಮುಂದೆ, ಆಮೇಲೆ ಆಫ್ರೀನಳ ಮನೆಯಲ್ಲಿ ನಿಜ ಹೇಳುತ್ತೇನೆ. ಇದನ್ನು ತಿಳಿದ ಮೇಲೆ ನಂಬಲು ನಿನಗೆ ನಾನೂ ಉಳಿಯುವುದಿಲ್ಲ. ಅದಕ್ಕೇ ಆಫ್ರೀನಳನ್ನು ನಿನ್ನ ಹತ್ತಿರ ಕರೆದುಕೊಂಡು ಬರುತ್ತೇನೆ — ಅವಳು ಬಂದರೆ.